ಫ್ಲೈವೀಲ್ ತಿರುಗುತ್ತದೆ ಸರಿ, ಯಾವುದಕ್ಕೆ ಹೋಲಿಸಿ?

ಪ್ರಶ್ನೆ: ಸರ್, ನಮಸ್ಕಾರ್ರಿ. ನಾನು ಬೆಟಗೇರಿಯವ, ಹುಬ್ಬಳ್ಳಿ ಗೋಕುಲ ರೋಡಿನ ಒಂದು ವರ್ಕ್‌ಶಾಪಿನ್ಯಾಗ ಟರ್ನರ್ ಅದೀನಿ. ಭಾರದ ಚಕ್ರಾನ ಜೋರ್ ತಿರಗಿಸಿದ್ರ ತೂಕ ಕಡಿಮಿ ಆಗತೈತಿ ಅಂತ ಮೊಬೈಲ್‌ನ್ಯಾಗ ವಿಡಿಯೋ ನೋಡಿದೆ. ಖರೇನ ಏನ್ರಿ? ತಿರಗೋ ವಸ್ತು ತನ್ನ ಸುತ್ತಲಿನ ದೇಶಕಾಲಾನೂ (ಸ್ಪೇಸ್-ಟೈಮ್) ಎಳಕೊಂಡು ತಿರಗಸ್ತೈತಿ ಅಂತ ಐನ್‌ಸ್ಟೈನ್ ಸಿದ್ಧಾಂತ ಹೇಳತೈತಂತ. ಹಂಗಿದ್ರ ನಮ್ಮ ಫ್ಲೈವೀಲೂ ಎಳೀತೈತೇನ್ರಿ? ಇನ್ನೊಂದು ಮಾತು. ಜಗತ್ತಿನ್ಯಾಗ ಒಂದ ಚಕ್ರ ಬಿಟ್ಟು ಬ್ಯಾರೆ ಏನೂ ಇರಲಿಲ್ಲಂದ್ರ, ಅದು ತಿರಗಾಕತ್ತೈತಿ ಅಂತ ಹೆಂಗ ಹೇಳೂದ್ರಿ?

ಉತ್ತರ: ಮೊದಲನೆಯದು ಖರೆ ಅಲ್ಲ. ಎರಡನೆಯದು ಖರೆ, ಆದರೆ ನಿಮ್ಮ ಫ್ಲೈವೀಲಿನ ಮಟ್ಟಿಗೆ ಅದನ್ನು ಅಳೆಯುವ ಆಸೆ ಬೇಡ. ಮೂರನೆಯದರ ಮೇಲೆ ಮುನ್ನೂರು ವರ್ಷಗಳಿಂದ ಜಗಳ ನಡೆದಿದೆ, ಇನ್ನೂ ಪೂರ್ತಿ ಮುಗಿದಿಲ್ಲ.

ತೂಕದ ವಿಷಯ ಮೊದಲು ಮುಗಿಸೋಣ. ಲೆಕ್ಕ ಹಾಕಿದರೆ ತಿರುಗುವ ಚಕ್ರದ ತೂಕ ಹೆಚ್ಚಬೇಕು. ತಿರುಗುವಾಗ ಅದರಲ್ಲಿ ಶಕ್ತಿ ಕೂಡಿರುತ್ತದೆ, ಶಕ್ತಿಗೂ ದ್ರವ್ಯರಾಶಿ ಉಂಟು. 100 ಕೆಜಿಯ, ಒಂದು ಮೀಟರ್ ವ್ಯಾಸದ ಗಟ್ಟಿ ಚಕ್ರವನ್ನು 3000 ಆರ್‌ಪಿಎಂನಲ್ಲಿ ಓಡಿಸಿದಿರಿ ಎನ್ನಿ. ಅದರ ಚಲನಶಕ್ತಿ ಸುಮಾರು 6 ಲಕ್ಷ ಜೂಲ್. ಇದನ್ನು ಬೆಳಕಿನ ವೇಗದ ವರ್ಗದಿಂದ ಭಾಗಿಸಿದರೆ ಸಿಗುವುದು ಸುಮಾರು 7 ನ್ಯಾನೋಗ್ರಾಂ, ಅಂದರೆ ಒಂದು ಗ್ರಾಂ ಅನ್ನು ನೂರು ಕೋಟಿ ಪಾಲು ಮಾಡಿದರೆ ಅದರಲ್ಲಿ ಏಳು ಪಾಲು. ಅಷ್ಟೇ ಹೆಚ್ಚುವುದು. (ಎರಕದ ಕಬ್ಬಿಣದ ಚಕ್ರದ ಮೇಲೆ ಇದನ್ನು ಮಾಡಿ ನೋಡಲು ಮಾತ್ರ ಹೋಗಬೇಡಿ. ಆ ವೇಗಕ್ಕೆ ಅಂಚು ಸೆಕೆಂಡಿಗೆ 157 ಮೀಟರ್ ಓಡುತ್ತದೆ, ಚಕ್ರ ಸಿಡಿದು ಚೂರಾದೀತು.)

ಹಾಗಾದರೆ ವಿಡಿಯೋದಲ್ಲಿ ಕಂಡದ್ದೇನು? 1974ರಲ್ಲಿ ಎರಿಕ್ ಲೇಥ್‌ವೇಟ್ ಎಂಬ ಎಂಜಿನಿಯರ್ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ, ಉದ್ದನೆಯ ದಂಡದ ತುದಿಗೆ ಸಿಕ್ಕಿಸಿದ ಭಾರದ ಚಕ್ರವನ್ನು ತಿರುಗಿಸಿ ಒಂದೇ ಕೈಯಲ್ಲಿ ತಲೆಯ ಮೇಲಕ್ಕೆ ಎತ್ತಿ ತೋರಿಸಿದ್ದರು. ಈಗಿನ ವಿಡಿಯೋಗಳೆಲ್ಲ ಅದರ ಮರಿಗಳು. ಚಕ್ರ ನಿಂತಿದ್ದಾಗ ದಂಡದ ಇನ್ನೊಂದು ತುದಿ ಹಿಡಿದು ಎತ್ತಿ ನೋಡಿ. ತೂಕ ಹೊರುವುದಷ್ಟೇ ಅಲ್ಲ, ದಂಡ ಕೆಳಗೆ ಬಾಗದಂತೆ ಮಣಿಕಟ್ಟು ತಿರುಚಿ ಹಿಡಿಯಬೇಕು. ಕೈ ಸೋಲುವುದು ಆ ತಿರುಚಿಗೆ. ಚಕ್ರ ಜೋರಾಗಿ ತಿರುಗುತ್ತಿದ್ದರೆ ಅದೇ ತಿರುಚು ದಂಡವನ್ನು ಬಾಗಿಸುವ ಬದಲು ಅಡ್ಡಕ್ಕೆ ಸುತ್ತಿಸುತ್ತದೆ. ಮಣಿಕಟ್ಟಿನ ಕೆಲಸ ತಪ್ಪಿತು, ಹಗುರ ಅನ್ನಿಸಿತು. ಎತ್ತುವವರನ್ನೇ ತಕ್ಕಡಿಯ ಮೇಲೆ ನಿಲ್ಲಿಸಿ ನೋಡಿದರೆ ಒಟ್ಟು ತೂಕ ಹಾಗೇ ಇರುತ್ತದೆ.

ಜಪಾನಿನ ಇಬ್ಬರು ಸಂಶೋಧಕರು 1989ರಲ್ಲಿ ಸಣ್ಣ ರೋಟರುಗಳನ್ನು ಒಂದು ದಿಕ್ಕಿಗೆ ತಿರುಗಿಸಿದಾಗ ಮಾತ್ರ ಕೆಲವು ಮಿಲಿಗ್ರಾಂ ತೂಕ ಇಳಿಯುತ್ತದೆ ಎಂದು ಒಳ್ಳೆಯ ಪತ್ರಿಕೆಯಲ್ಲೇ ಪ್ರಕಟಿಸಿದರು. ಮರುವರ್ಷವೇ ಬೇರೆಯವರು ಇನ್ನೂ ಚೊಕ್ಕವಾಗಿ ಅಳೆದು, ಏನೂ ಇಳಿಯುವುದಿಲ್ಲ ಎಂದರು. ಬೇರಿಂಗಿನ ನಡುಕ ತಕ್ಕಡಿಯನ್ನು ಎಷ್ಟು ಸಲೀಸಾಗಿ ಮೋಸ ಮಾಡುತ್ತದೆ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ.

ಈಗ ಸ್ವಾರಸ್ಯದ ಕಡೆಗೆ ಬರೋಣ. ತಿರುಗುವುದು ಅಂದರೆ ಯಾವುದಕ್ಕೆ ಹೋಲಿಸಿ ತಿರುಗುವುದು?

ನ್ಯೂಟನ್ 1687ರ ತನ್ನ ಗ್ರಂಥದಲ್ಲಿ ಇದಕ್ಕೊಂದು ಪ್ರಯೋಗ ಬರೆದಿದ್ದಾನೆ, ನಿಮ್ಮ ಮನೆಯ ಹಿತ್ತಲಲ್ಲೇ ಮಾಡಬಹುದು. ನೀರು ತುಂಬಿದ ಬಕೆಟ್ಟನ್ನು ಹಗ್ಗಕ್ಕೆ ತೂಗುಹಾಕಿ, ಹಗ್ಗವನ್ನು ಚೆನ್ನಾಗಿ ಹೊಸೆದು ಬಿಡಿ. ಮೊದಲು ಬಕೆಟ್ ಗರಗರ ತಿರುಗುತ್ತದೆ, ನೀರು ತಿರುಗುವುದಿಲ್ಲ, ಮೇಲ್ಮೈ ಸಪಾಟು. ಸ್ವಲ್ಪ ಹೊತ್ತಿಗೆ ನೀರೂ ಬಕೆಟ್ಟಿನ ಜತೆ ಸುತ್ತತೊಡಗುತ್ತದೆ, ನಡುವೆ ತಗ್ಗಾಗಿ ಅಂಚಿಗೆ ಏರುತ್ತದೆ. ಈಗ ಬಕೆಟ್ಟನ್ನು ತಟ್ಟನೆ ಹಿಡಿದು ನಿಲ್ಲಿಸಿ. ನೀರು ಇನ್ನೂ ತಿರುಗುತ್ತಿದೆ, ತಗ್ಗು ಹಾಗೇ ಇದೆ. ಮೊದಲ ಸಲ ಬಕೆಟ್ಟಿಗೂ ನೀರಿಗೂ ಸಾಪೇಕ್ಷ ಚಲನೆ ಇತ್ತು, ತಗ್ಗು ಇರಲಿಲ್ಲ. ಎರಡನೆಯ ಸಲ ಸಾಪೇಕ್ಷ ಚಲನೆ ಇರಲಿಲ್ಲ, ತಗ್ಗು ಇತ್ತು. ಮೂರನೆಯ ಸಲ ಎರಡೂ ಇದ್ದವು. ಅಂದಮೇಲೆ ನೀರಿನ ತಗ್ಗಿಗೂ ಬಕೆಟ್ಟಿಗೂ ಸಂಬಂಧವಿಲ್ಲ. ನೀರು ತಿರುಗುತ್ತಿರುವುದು ಕಣ್ಣಿಗೆ ಕಾಣದ ಒಂದು ನಿರಪೇಕ್ಷ ದೇಶಕ್ಕೆ, ಅಂದರೆ ಯಾವುದಕ್ಕೂ ಅಂಟಿಕೊಳ್ಳದೆ ತನ್ನಷ್ಟಕ್ಕೆ ಇರುವ ಸ್ಪೇಸಿಗೆ, ಹೋಲಿಸಿ, ಎಂದು ನ್ಯೂಟನ್ ತೀರ್ಮಾನಿಸಿದ. ನಿಮ್ಮ ಮೂರನೆಯ ಪ್ರಶ್ನೆಯೂ ಅವನಿಗೆ ಹೊಳೆದಿತ್ತು. ಖಾಲಿ ಜಗತ್ತಿನಲ್ಲಿ ದಾರದಿಂದ ಕಟ್ಟಿದ ಎರಡು ಗುಂಡುಗಳಿವೆ ಎನ್ನಿ, ದಾರ ಬಿಗಿದಿದ್ದರೆ ಅವು ತಿರುಗುತ್ತಿವೆ ಎಂದು ಗೊತ್ತಾಗುತ್ತದೆ, ಎಂಬುದು ಅವನ ಉತ್ತರ.

ಆಸ್ಟ್ರಿಯಾದ ಭೌತವಿಜ್ಞಾನಿ ಎರ್ನ್ಸ್ಟ್ ಮಾಖ್‌ಗೆ ಇದು ಒಪ್ಪಿಗೆಯಾಗಲಿಲ್ಲ. 1883ರಲ್ಲಿ ಆತ ಎತ್ತಿದ ತಕರಾರು ಹೀಗಿತ್ತು: ಖಾಲಿ ಜಗತ್ತನ್ನು ಯಾರೂ ಕಂಡಿಲ್ಲ. ನಾವು ಕಂಡದ್ದು ನಕ್ಷತ್ರಗಳಿಂದ ತುಂಬಿದ ಜಗತ್ತನ್ನು, ನೀರು ತಿರುಗುತ್ತಿರುವುದು ಆ ನಕ್ಷತ್ರಗಳಿಗೆ ಹೋಲಿಸಿ. ಬಕೆಟ್ಟಿನ ಗೋಡೆ ತೆಳ್ಳಗಿದೆ, ಅದಕ್ಕೇ ನೀರಿನ ಮೇಲೆ ಪರಿಣಾಮ ಕಾಣಲಿಲ್ಲ. ಗೋಡೆ ಹಲವು ಹರದಾರಿ ದಪ್ಪ ಇದ್ದಿದ್ದರೆ ಏನಾಗುತ್ತಿತ್ತೆಂದು ಯಾರು ಬಲ್ಲರು?

ಈ ಮಾತನ್ನು ಪರೀಕ್ಷೆಗೆ ಒಡ್ಡಲು ಹೊರಟವರು ಯಾವ ಸಾಮಾನು ಹುಡುಕಿಕೊಂಡು ಹೋದರು ಗೊತ್ತೇ? ಫ್ಲೈವೀಲನ್ನೇ. 1896ರಲ್ಲಿ ಜರ್ಮನಿಯ ಫ್ರೀಡ್‌ಲೆಂಡರ್ ಸಹೋದರರು ಒಂದು ಕಿರುಹೊತ್ತಗೆ ಬರೆದರು. ಅವರಲ್ಲೊಬ್ಬ, ಇಮಾನುಯೆಲ್, ಉಕ್ಕಿನ ರೋಲಿಂಗ್ ಮಿಲ್ಲಿನ ಭಾರೀ ಫ್ಲೈವೀಲಿನ ಪಕ್ಕದಲ್ಲಿ ತೆಳು ತಂತಿಗೆ ತೂಗುಬಿಟ್ಟ ಸೂಕ್ಷ್ಮ ತಕ್ಕಡಿ ಇಟ್ಟು, ಚಕ್ರದ ತಿರುಗಾಟ ಹತ್ತಿರದ ವಸ್ತುವಿನ ಜಡತ್ವವನ್ನು ತನ್ನ ಕಡೆಗೆ ಎಳೆಯುತ್ತದೆಯೋ ಎಂದು ನೋಡಿದ್ದ. ಮಿಲ್ಲಿನ ಗದ್ದಲದಲ್ಲಿ ಖಚಿತವಾಗಿ ಏನೂ ಸಿಗಲಿಲ್ಲ. ಐನ್‌ಸ್ಟೈನನ ಸಮೀಕರಣಗಳು ಬರುವುದಕ್ಕೆ 19 ವರ್ಷ ಮೊದಲಿನ ಮಾತು ಇದು. ನಿಮ್ಮ ಎರಡನೆಯ ಪ್ರಶ್ನೆಗೆ ಹಿರಿಯಣ್ಣ ಇದ್ದಾನೆ ಎಂದಾಯಿತು.

ಮಾಖ್‌ನ ಮಾತಿನ ಹಿಂದೆ ಒಂದು ಗಟ್ಟಿ ಸಂಗತಿ ಇತ್ತು. ಫೂಕೊ 1851ರಲ್ಲಿ ಪ್ಯಾರಿಸ್ಸಿನಲ್ಲಿ 67 ಮೀಟರ್ ತಂತಿಗೆ ಕಟ್ಟಿದ ಲೋಲಕ ತೂಗಿಸಿ, ಅದು ತೂಗುವ ದಿಕ್ಕು ನಿಧಾನಕ್ಕೆ ಸುತ್ತುವುದನ್ನು ತೋರಿಸಿದ. ಅಂಥದೇ ಲೋಲಕವನ್ನು ಧಾರವಾಡದಲ್ಲಿ ತೂಗಿಸಿದರೆ, ನಾವು ಸಮಭಾಜಕಕ್ಕೆ ಹತ್ತಿರ, ಸುಮಾರು 15.5 ಡಿಗ್ರಿ ಅಕ್ಷಾಂಶದಲ್ಲಿ ಇರುವುದರಿಂದ, ಅದು ಗಂಟೆಗೆ ಸುಮಾರು 4 ಡಿಗ್ರಿ ಮಾತ್ರ ಸರಿಯುತ್ತದೆ. ಒಂದು ಸುತ್ತಿಗೆ 90 ಗಂಟೆ, ಪ್ಯಾರಿಸ್ಸಿನಲ್ಲಾದರೆ 32. ಬಾಗಿಲು, ಕಿಟಕಿ ಎಲ್ಲ ಮುಚ್ಚಿ, ಆಕಾಶ ನೋಡದೆಯೇ ಲೋಲಕದಿಂದ ಭೂಮಿಯ ತಿರುಗಾಟ ಲೆಕ್ಕ ಹಾಕಬಹುದು. ರಾತ್ರಿ ಅಂಗಳಕ್ಕೆ ಬಂದು ನಕ್ಷತ್ರ ನೋಡಿಯೂ ಲೆಕ್ಕ ಹಾಕಬಹುದು. ಎರಡೂ ಉತ್ತರ ಒಂದೇ. ಯಾಕೆ ಒಂದೇ ಆಗಬೇಕು? ಕೋಣೆಯೊಳಗಿನ ಲೋಲಕಕ್ಕೆ ದೂರದ ನಕ್ಷತ್ರದ ಸುದ್ದಿ ಮುಟ್ಟಿಸಿದವರಾರು? ನ್ಯೂಟನ್ನನ ಪ್ರಕಾರ ಅದು ಕಾಕತಾಳೀಯ. ಮಾಖ್‌ನ ಪ್ರಕಾರ ಕಾಕತಾಳೀಯ ಅಲ್ಲ. ಇಡೀ ವಿಷಯದ ತಿರುಳು ನನ್ನ ದೃಷ್ಟಿಯಲ್ಲಿ ಇದೇ.

ಐನ್‌ಸ್ಟೈನ್ ಇದಕ್ಕೆ ಗುರುತ್ವವನ್ನು ತಂದು ಜೋಡಿಸಿದ. ಚಿಗರಿ ಬಸ್ಸು ನವಲೂರಿನ ಹತ್ತಿರ ತಿರುವಿನಲ್ಲಿ ಜೋರಾಗಿ ಹೊರಳಿದಾಗ ನಿಂತವರೆಲ್ಲ ಒಂದು ಕಡೆಗೆ ವಾಲುತ್ತೀರಿ. ಆಗ ಹಿಡಿಕೆ ಬಿಟ್ಟರೆ ದಪ್ಪನೆಯವರೂ ಸಣ್ಣವರೂ ಒಂದೇ ವೇಗೋತ್ಕರ್ಷದಿಂದ ಸರಿಯುತ್ತಾರೆ. ಬಲ ದ್ರವ್ಯರಾಶಿಗೆ ತಕ್ಕಂತೆ ಹೆಚ್ಚುತ್ತದೆ, ಜಡತ್ವವೂ ಅಷ್ಟೇ ಹೆಚ್ಚುತ್ತದೆ, ಎರಡೂ ವಜಾ. ಇಂಥ ನಡತೆ ಇರುವ ಇನ್ನೊಂದು ಬಲ ಗುರುತ್ವ ಮಾತ್ರ. ಈ ಸಮಾನತೆಯನ್ನು ಫ್ರಾನ್ಸಿನ ಮೈಕ್ರೋಸ್ಕೋಪ್ ಉಪಗ್ರಹ ಸಾವಿರ ಲಕ್ಷ ಕೋಟಿಯಲ್ಲಿ ಕೆಲವೇ ಪಾಲಿನವರೆಗೆ ತಾಳೆ ನೋಡಿದೆ. ಹಾಗಾದರೆ ತಿರುವಿನಲ್ಲಿ ನೂಕುವ ಬಲವೂ ಗುರುತ್ವವೂ ಒಂದೇ ಸಂಗತಿಯ ಎರಡು ಮುಖ ಇರಬೇಕೆಂದು ಐನ್‌ಸ್ಟೈನ್ ಹಿಡಿದ. 1915ರಲ್ಲಿ ಪೂರ್ತಿಯಾದ ಸಿದ್ಧಾಂತದಲ್ಲಿ ಎರಡನ್ನೂ ಹೇಳುವುದು ದೇಶಕಾಲದ ಜ್ಯಾಮಿತಿ. ಯಾವುದು ನೇರ ದಾರಿ, ಯಾವುದು ತಿರುಗುತ್ತಿಲ್ಲ ಎಂದು ಆಯಾ ಜಾಗದಲ್ಲಿ ನಿಶ್ಚಯಿಸುವುದು ಅಲ್ಲಿನ ದೇಶಕಾಲ. ದ್ರವ್ಯ ಆ ದೇಶಕಾಲವನ್ನು ತಿದ್ದುತ್ತದೆ. ನಿಂತ ದ್ರವ್ಯ ಒಂದು ರೀತಿ ತಿದ್ದಿದರೆ, ತಿರುಗುವ ದ್ರವ್ಯ ಇನ್ನೂ ಒಂದು ರೀತಿ ತಿದ್ದುತ್ತದೆ. ನಿಂತ ವಿದ್ಯುದಾವೇಶ ವಿದ್ಯುತ್ ಕ್ಷೇತ್ರವನ್ನಷ್ಟೇ ಉಂಟುಮಾಡಿ, ಹರಿದಾಗ ಕಾಂತಕ್ಷೇತ್ರವನ್ನೂ ಉಂಟುಮಾಡುವ ಹಾಗೆಯೇ ಇದರ ಗಣಿತವೂ ಸಾಗುತ್ತದೆ.

ಮಾಖ್‌ನ ದಪ್ಪ ಗೋಡೆಯ ಬಕೆಟ್ಟಿಗೆ ಲೆಕ್ಕ ಬಂದದ್ದು 1918ರಲ್ಲಿ, ವಿಯೆನ್ನಾದ ಹಾನ್ಸ್ ತಿರ್ರಿಂಗ್‌ನಿಂದ. ತಿರುಗುವ ಟೊಳ್ಳು ಗೋಳದ ಒಳಗೆ ಇಟ್ಟ ಜೈರೋಸ್ಕೋಪ್ (ಜೋರಾಗಿ ತಿರುಗುತ್ತ, ತನ್ನ ಅಕ್ಷವನ್ನು ಒಂದೇ ದಿಕ್ಕಿಗೆ ಹಿಡಿದಿಡುವ ಚಕ್ರ) ಗೋಳದ ದಿಕ್ಕಿಗೇ ತುಸು ಹೊರಳುತ್ತದೆ. ಎಷ್ಟು ಹೊರಳುತ್ತದೆ ಎಂಬುದು ಗೋಳದ ದ್ರವ್ಯರಾಶಿಯನ್ನು ತ್ರಿಜ್ಯದಿಂದ ಭಾಗಿಸಿದ ಪ್ರಮಾಣಕ್ಕೆ ತಕ್ಕಂತೆ. ಇಡೀ ಭೂಮಿಯ ದ್ರವ್ಯವನ್ನು ಇದೇ ಗಾತ್ರದ ಟೊಳ್ಳು ಗೋಳ ಮಾಡಿ ದಿನಕ್ಕೊಂದು ಸುತ್ತು ತಿರುಗಿಸಿದರೆ, ಒಳಗಿನ ಜೈರೋಸ್ಕೋಪ್ ಒಂದು ಸುತ್ತು ಮುಗಿಸಲು ಸುಮಾರು 30 ಲಕ್ಷ ವರ್ಷ ಬೇಕು. ನಿಮ್ಮ ಫ್ಲೈವೀಲಿನ ಗತಿ ಕೇಳಬೇಡಿ. ಮೇಲೆ ಹೇಳಿದ 100 ಕೆಜಿಯ ಚಕ್ರವನ್ನು ವಿಶ್ವ ಹುಟ್ಟಿದಂದಿನಿಂದ, ಅಂದರೆ 1380 ಕೋಟಿ ವರ್ಷ, ನಿಲ್ಲಿಸದೆ ಓಡಿಸಿದ್ದರೂ ಪಕ್ಕದ ಜೈರೋಸ್ಕೋಪ್ ಹೊರಳುತ್ತಿದ್ದದ್ದು ಕೆಲವೇ ಆರ್ಕ್‌ಸೆಕೆಂಡ್, ಡಿಗ್ರಿಯ 3600ರಲ್ಲಿ ಕೆಲವು ಪಾಲು. ಆದರೆ 1966ರಲ್ಲಿ ಬ್ರಿಲ್ ಮತ್ತು ಕೊಹೆನ್ ಇನ್ನೂ ಮುಂದೆ ಹೋಗಿ, ಗೋಳ ಕಪ್ಪುಕುಳಿ (ಬೆಳಕೂ ಹೊರಬರಲಾಗದ ಜಾಗ) ಆಗುವ ಅಂಚಿನವರೆಗೆ ಸಾಂದ್ರವಾದರೆ ಒಳಗಿನ ಜೈರೋಸ್ಕೋಪ್ ಅರೆಬರೆಯಾಗಿ ಅಲ್ಲ, ಪೂರ್ತಿಯಾಗಿ ಗೋಳದ ಜತೆಗೇ ಸುತ್ತುತ್ತದೆ ಎಂದು ತೋರಿಸಿದರು. ಗೋಳದ ಒಳಗಿದ್ದವರಿಗೆ ಗೋಳವೇ ನಕ್ಷತ್ರಲೋಕ. ನಮ್ಮ ಕಣ್ಣಳತೆಯ ವಿಶ್ವಕ್ಕೆ ಅದೇ ಪ್ರಮಾಣವನ್ನು ಲೆಕ್ಕ ಹಾಕಿದರೆ ಒಂದರ ಆಸುಪಾಸಿಗೇ, ಅಂದರೆ ಆ ಅಂಚಿನ ಹತ್ತಿರಕ್ಕೇ, ಬರುತ್ತದೆ. ಧಾರವಾಡದ ಲೋಲಕ ನಕ್ಷತ್ರಗಳ ಮಾತು ಕೇಳುವುದರ ಗುಟ್ಟಿನ ಒಂದು ತುದಿ ಇಲ್ಲಿದೆ.

ಗೋಳದ ಹೊರಗಿನ ಲೆಕ್ಕವನ್ನು ಅದೇ ವರ್ಷ ತಿರ್ರಿಂಗ್, ಯೋಸೆಫ್ ಲೆನ್ಸ್ ಜತೆ ಸೇರಿ ಮಾಡಿದ. ಇಲ್ಲಿ ಒಂದು ವಿಚಿತ್ರವಿದೆ. ತಿರುಗುವ ಭೂಮಿಯ ಧ್ರುವದ ಮೇಲೆ ಹಿಡಿದ ಜೈರೋಸ್ಕೋಪ್ ಭೂಮಿಯ ದಿಕ್ಕಿಗೇ ಹೊರಳುತ್ತದೆ, ಸಮಭಾಜಕದ ಮೇಲೆ ಹಿಡಿದದ್ದು ತಿರುಗು ಮುರುಗು ಹೊರಳುತ್ತದೆ! ಬೆಲ್ಲ ಕಾಯುವ ಕೊಪ್ಪರಿಗೆಯಲ್ಲಿ ಒಂದು ಗುಂಡು ಮುಳುಗಿಸಿ ತಿರುಗಿಸಿದಿರಿ ಎನ್ನಿ. ಗುಂಡಿನ ನೆತ್ತಿಯ ಮೇಲಿನ ಕಬ್ಬಿನ ಸಿಪ್ಪೆ ಅದರ ಜತೆಗೇ ಸುತ್ತುತ್ತದೆ. ಪಕ್ಕದಲ್ಲಿ ನೆಟ್ಟಗೆ ಚಾಚಿ ಬಿದ್ದ ಸಿಪ್ಪೆಯ ಗುಂಡಿನ ಕಡೆಯ ತುದಿಯನ್ನು ಪಾಕ ಹೆಚ್ಚು ಎಳೆಯುತ್ತದೆ, ಆಚೆ ತುದಿಯನ್ನು ಕಡಿಮೆ, ಹಾಗಾಗಿ ಸಿಪ್ಪೆ ಎದುರು ದಿಕ್ಕಿಗೆ ಹೊರಳುತ್ತದೆ. ಇಷ್ಟಕ್ಕೇ ಈ ಹೋಲಿಕೆಯನ್ನು ಬಿಟ್ಟುಬಿಡಿ. ದೇಶಕಾಲ ಪಾಕವೂ ಅಲ್ಲ, ಅಲ್ಲಿ ಜಿಗುಟೂ ಇಲ್ಲ. ಜಿಗುಟಿದ್ದರೆ ಭೂಮಿಯ ತಿರುಗಾಟ ಆ ಘರ್ಷಣೆಗೆ ಸಿಕ್ಕಿ ಇಳಿಯುತ್ತಿತ್ತು.

ಇದನ್ನು ಅಳೆದದ್ದು ಹೇಗೆಂಬುದನ್ನು ನೀವು ಟರ್ನರ್ ಎಂಬ ಕಾರಣಕ್ಕೇ ಕೊಂಚ ಬಿಡಿಸಿ ಹೇಳುತ್ತೇನೆ. ನಾಸಾ ಮತ್ತು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಗ್ರಾವಿಟಿ ಪ್ರೋಬ್ ಬಿ ಎಂಬ ಉಪಗ್ರಹವನ್ನು 2004ರ ಏಪ್ರಿಲ್ 20ರಂದು ಹಾರಿಸಿದರು. 642 ಕಿ.ಮೀ. ಎತ್ತರದಲ್ಲಿ, ಎರಡೂ ಧ್ರುವಗಳ ಮೇಲೆ ಹಾಯುವ ಕಕ್ಷೆ. ಒಳಗೆ ನಾಲ್ಕು ಜೈರೋಸ್ಕೋಪ್, ಪ್ರತಿಯೊಂದೂ 38 ಮಿ.ಮೀ. ವ್ಯಾಸದ ಕ್ವಾರ್ಟ್ಜ್ ಗೋಳ, ಮೇಲೆ ನಯೋಬಿಯಂ ಲೇಪ. ನಿಮ್ಮ ಮಾಮೂಲಿ ಮೈಕ್ರೋಮೀಟರಿನ ಅತಿ ಸಣ್ಣ ಗೆರೆ 0.01 ಮಿ.ಮೀ. ತಾನೇ? ಈ ಗೋಳಗಳ ದುಂಡಗಿನಲ್ಲಿ ಇದ್ದ ಏರುಪೇರು ಅದರ ಸಾವಿರದಲ್ಲೊಂದು ಪಾಲು. ಹೀಲಿಯಂ ಅನಿಲ ಊದಿ ಅವನ್ನು ನಿಮಿಷಕ್ಕೆ 4000 ಸುತ್ತಿನ ಆಸುಪಾಸಿಗೆ ಏರಿಸಿದರು. ಗೋಳದ ಮೇಲೆ ಗುರುತು ಕೊರೆಯುವಂತಿಲ್ಲ, ಕೊರೆದರೆ ಸಮತೋಲ ಹೋಯಿತು. ಹಾಗಾದರೆ ಅಕ್ಷ ಎತ್ತ ತೋರಿಸುತ್ತಿದೆ ಎಂದು ತಿಳಿಯುವುದು ಹೇಗೆ? ದ್ರವ ಹೀಲಿಯಂನಲ್ಲಿ ನಿರಪೇಕ್ಷ ಸೊನ್ನೆಯಿಂದ (ಇದಕ್ಕಿಂತ ತಣ್ಣಗಾಗಲು ಸಾಧ್ಯವಿಲ್ಲದ ತುದಿ) ಮೇಲೆ 2 ಡಿಗ್ರಿಯೊಳಗೆ ತಣ್ಣಗಿಟ್ಟರೆ ನಯೋಬಿಯಂ ಅತಿವಾಹಕ (ವಿದ್ಯುತ್ತಿಗೆ ಕಿಂಚಿತ್ತೂ ತಡೆ ಒಡ್ಡದ ವಸ್ತು) ಆಗುತ್ತದೆ, ತಿರುಗುವ ಅತಿವಾಹಕ ತನ್ನ ಅಕ್ಷದ ಗುಂಟ ಒಂದು ಪುಟ್ಟ ಕಾಂತಕ್ಷೇತ್ರ ಉಂಟುಮಾಡುತ್ತದೆ. ಅದನ್ನು ಓದಿದರು. ಬಹಳ ಚಂದದ ಉಪಾಯ ಇದು.

ದೂರದರ್ಶಕವನ್ನು ಐಎಂ ಪೆಗಾಸಿ ಎಂಬ ನಕ್ಷತ್ರದ ಮೇಲೆ ನೆಟ್ಟು, ಅಕ್ಷ ಅದರಿಂದ ಎಷ್ಟು ಸರಿಯಿತೆಂದು ಸುಮಾರು ಒಂದು ವರ್ಷ ಅಳೆದರು. ಭೂಮಿಯ ದ್ರವ್ಯದಿಂದಲೇ ದೇಶಕಾಲ ಬಾಗಿರುವ ಕಾರಣಕ್ಕೆ ಅಕ್ಷ ಉತ್ತರ-ದಕ್ಷಿಣವಾಗಿ ವರ್ಷಕ್ಕೆ 6.6 ಆರ್ಕ್‌ಸೆಕೆಂಡ್ ಸರಿಯಬೇಕಿತ್ತು, ಸರಿಯಿತು. ಭೂಮಿ ತಿರುಗುತ್ತಿರುವ ಕಾರಣಕ್ಕೆ ಅಡ್ಡಡ್ಡ ಸರಿಯಬೇಕಾದದ್ದು ವರ್ಷಕ್ಕೆ 0.039 ಆರ್ಕ್‌ಸೆಕೆಂಡ್. ಧಾರವಾಡದಿಂದ ಹುಬ್ಬಳ್ಳಿಗೆ, 20 ಕಿ.ಮೀ., ಒಂದು ನೇರ ಗೆರೆ ಎಳೆದಿದ್ದರೆ ಇಡೀ ವರ್ಷದಲ್ಲಿ ಹುಬ್ಬಳ್ಳಿಯ ತುದಿ 4 ಮಿ.ಮೀ. ಸರಿದಷ್ಟು. ಗೋಳಗಳ ಮೇಲೆ ಅಲ್ಲಲ್ಲಿ ಉಳಿದ ವಿದ್ಯುದಾವೇಶದ ಕಲೆಗಳು ಅಕ್ಷವನ್ನು ಎಳೆದಾಡಿ ಅಳತೆ ಕೆಡಿಸಿದ್ದವು. ಅದನ್ನು ಸೋಸಿ ತೆಗೆಯಲು ವರ್ಷಗಳೇ ಹಿಡಿದವು. 2011ರಲ್ಲಿ ಬಂದ ಉತ್ತರ 0.0372, ಅದರ ಆಚೀಚೆ 0.0072ರಷ್ಟು ತಪ್ಪಿಗೆ ಅವಕಾಶ. ಶೇಕಡಾ 19ರ ಅನುಮಾನ ಇಟ್ಟುಕೊಂಡ ಅಳತೆ. 75 ಕೋಟಿ ಡಾಲರ್ ಖರ್ಚಿಗೆ ಇಷ್ಟೇ ಏನು ಎಂದು ಮೂಗು ಮುರಿದವರು ಇದ್ದಾರೆ. ನಾನು ಆ ಸಾಲಿನವನಲ್ಲ.

ಅಗ್ಗದ ದಾರಿಯೂ ಇದೆ. 1976ರಲ್ಲಿ ಹಾರಿಸಿದ ಲೇಜಿಯಾಸ್ ಎಂಬುದು 60 ಸೆಂ.ಮೀ.ನ ಗುಂಡು, ಮೈತುಂಬ 426 ಪ್ರತಿಫಲಕ, ಒಳಗೆ ಯಂತ್ರವಿಲ್ಲ. ನೆಲದಿಂದ ಲೇಸರ್ ಹೊಡೆದು ಅದರ ಕಕ್ಷೆ ಅಳೆಯುತ್ತಾರೆ. ತಿರುಗುವ ಭೂಮಿ ಅದರ ಕಕ್ಷೆಯನ್ನೇ ವರ್ಷಕ್ಕೆ 0.031 ಆರ್ಕ್‌ಸೆಕೆಂಡಿನಷ್ಟು ತಿರುಗಿಸುತ್ತದೆ. ತೊಂದರೆ ಏನೆಂದರೆ ಭೂಮಿಯ ನಡು ಉಬ್ಬಿರುವುದರಿಂದ ಕಕ್ಷೆ ಇದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ತಿರುಗುತ್ತದೆ. ಅದಕ್ಕೇ 2022ರಲ್ಲಿ ಲಾರೆಸ್ 2 ಎಂಬ ಇನ್ನೊಂದು ಗುಂಡನ್ನು ಮೊದಲನೆಯದರ ಕನ್ನಡಿ ಬಿಂಬದಂತೆ ಓರೆ ಮಾಡಿ ಕಕ್ಷೆಗೆ ಬಿಟ್ಟರು. ಉಬ್ಬಿನ ಪರಿಣಾಮ ಒಂದಕ್ಕೆ ಎಡಕ್ಕೆ, ಇನ್ನೊಂದಕ್ಕೆ ಬಲಕ್ಕೆ. ಎಳೆತ ಮಾತ್ರ ಎರಡಕ್ಕೂ ಒಂದೇ ಕಡೆಗೆ. ಎರಡನ್ನೂ ಕೂಡಿಸಿದರೆ ಉಬ್ಬು ವಜಾ ಆಗಿ ಎಳೆತ ಉಳಿಯುತ್ತದೆ.

ಭೂಮಿಯಲ್ಲಿ ಇಷ್ಟು ಹೆಣಗಬೇಕಾದದ್ದು ಆಕಾಶದಲ್ಲಿ ಢಾಳಾಗಿ ಕಾಣುತ್ತದೆ. ಐದು ಗಂಟೆಯೊಳಗೆ ಒಬ್ಬರನ್ನೊಬ್ಬರು ಸುತ್ತುವ ಒಂದು ಪಲ್ಸಾರ್-ಶ್ವೇತಕುಬ್ಜ ಜೋಡಿಯಲ್ಲಿ (ಎರಡೂ ಸುಟ್ಟು ಮುಗಿದು ಸಾಂದ್ರವಾದ ನಕ್ಷತ್ರಗಳು), ವೇಗವಾಗಿ ತಿರುಗುವ ಶ್ವೇತಕುಬ್ಜ ಕಕ್ಷೆಯ ಓರೆಯನ್ನೇ ಬದಲಿಸುತ್ತಿರುವುದು ಸುಮಾರು 20 ವರ್ಷಗಳ ಅಳತೆಯಿಂದ 2020ರಲ್ಲಿ ಗೊತ್ತಾಯಿತು. ಇನ್ನು ತಿರುಗುವ ಕಪ್ಪುಕುಳಿ. ರಾಯ್ ಕೆರ್ 1963ರಲ್ಲಿ ಐನ್‌ಸ್ಟೈನನ ಸಮೀಕರಣಗಳಿಂದ ಅದರ ಲೆಕ್ಕ ಬಿಡಿಸಿದ. ಅದರ ಸುತ್ತ ಒಂದು ಎಲ್ಲೆಯ ಒಳಗೆ ಎಷ್ಟೇ ಬಲದ ರಾಕೆಟ್ ಇದ್ದರೂ ನಿಂತಲ್ಲಿ ನಿಲ್ಲಲಾಗದು, ಸುತ್ತಲೇಬೇಕು. ಆ ಎಲ್ಲೆಯೂ ಕಪ್ಪುಕುಳಿಯ ಬಾಯಿಯೂ ಬೇರೆ ಬೇರೆ ಎಂಬುದನ್ನು 1968ರಷ್ಟು ಹಿಂದೆಯೇ ಬಿಡಿಸಿ ತೋರಿಸಿದವರಲ್ಲಿ ಬೆಂಗಳೂರಿನ ನಮ್ಮ ಸಿ. ವಿ. ವಿಶ್ವೇಶ್ವರ ಒಬ್ಬರು. ಮುಂದೆ ಅವರೂ ಬಾಲಾ ಅಯ್ಯರ್ ಅವರೂ ಇಂಥ ಜಾಗಗಳಲ್ಲಿ ಜೈರೋಸ್ಕೋಪ್ ಹೇಗೆ ಹೊರಳುತ್ತದೆ ಎಂಬುದಕ್ಕೆ ಸೊಗಸಾದ ಗಣಿತ ಕಟ್ಟಿದರು.

ಕೊನೆಗೆ ನಿಮ್ಮ ಒಂಟಿ ಚಕ್ರ. ದ್ರವ್ಯವೇ ಜಡತ್ವವನ್ನು ಹುಟ್ಟಿಸುತ್ತದೆ ಎಂಬ ಮಾಖ್‌ನ ವಿಚಾರ ಐನ್‌ಸ್ಟೈನನಿಗೆ ಬಹಳ ಹಿಡಿಸಿತ್ತು, ಅದಕ್ಕೆ ಮಾಖ್ ತತ್ತ್ವ ಎಂದು ಹೆಸರಿಟ್ಟವನೂ ಅವನೇ. ಆದರೆ ಅವನ ಸಮೀಕರಣಗಳು ಅವನ ಮಾತು ಕೇಳಲಿಲ್ಲ. ದ್ರವ್ಯವೇ ಇಲ್ಲದ ದೇಶಕಾಲಕ್ಕೂ ಅವು ಒಪ್ಪಿಗೆ ಕೊಡುತ್ತವೆ. 1917ರಲ್ಲಿ ಡಚ್ ಖಗೋಳವಿಜ್ಞಾನಿ ಡಿ ಸಿಟರ್ ಅಂಥದೊಂದು ವಿಶ್ವವನ್ನು ತಂದು ಎದುರಿಗಿಟ್ಟಾಗ ಐನ್‌ಸ್ಟೈನನಿಗೆ ಕಸಿವಿಸಿಯಾಯಿತು. 1949ರಲ್ಲಿ ಗಣಿತಜ್ಞ ಗೋಡೆಲ್ ಇನ್ನೂ ಮುಂದೆ ಹೋಗಿ, ಎಲ್ಲ ದ್ರವ್ಯವೂ ಸ್ಥಳೀಯ ಜೈರೋಸ್ಕೋಪಿಗೆ ಹೋಲಿಸಿದರೆ ತಿರುಗುತ್ತಿರುವ ವಿಶ್ವವನ್ನೇ ಅದೇ ಸಮೀಕರಣಗಳಿಂದ ಕಟ್ಟಿದ. ಅಲ್ಲಿ ಲೋಲಕ ನಕ್ಷತ್ರಗಳ ಮಾತು ಕೇಳುವುದಿಲ್ಲ! 1954ರ ಒಂದು ಪತ್ರದಲ್ಲಿ ಐನ್‌ಸ್ಟೈನ್, ಇನ್ನು ಮಾಖ್ ತತ್ತ್ವದ ಮಾತೇ ಬೇಡ ಎಂಬರ್ಥದಲ್ಲಿ ಕೈತೊಳೆದುಕೊಂಡ. ಮಾಖ್‌ನ ಪಕ್ಷ ಬಿಡದೆ ಬೇರೆ ಸಿದ್ಧಾಂತ ಕಟ್ಟಿದವರೂ ಇದ್ದಾರೆ. 1961ರಲ್ಲಿ ಬ್ರಾನ್ಸ್ ಮತ್ತು ಡಿಕೆ, 1964ರಲ್ಲಿ ಹಾಯ್ಲ್ ಮತ್ತು ನಮ್ಮ ಪಕ್ಕದ ಕೊಲ್ಲಾಪುರದಲ್ಲಿ ಹುಟ್ಟಿದ ಜಯಂತ ನಾರಳೀಕರ್. ಹಾಯ್ಲ್-ನಾರಳೀಕರ್ ಸಿದ್ಧಾಂತದಲ್ಲಿ ಒಂದು ಕಣದ ಜಡತ್ವ ಉಳಿದೆಲ್ಲ ಕಣಗಳ ಕೊಡುಗೆ. ವೀಕ್ಷಣೆಗಳು ಇವುಗಳ ಕಡೆ ವಾಲಲಿಲ್ಲ.

ಆದ್ದರಿಂದ ಸಾಪೇಕ್ಷತಾ ಸಿದ್ಧಾಂತವನ್ನು ನಂಬಿ ಹೇಳುವುದಾದರೆ, ಖಾಲಿ ಜಗತ್ತಿನ ನಿಮ್ಮ ಚಕ್ರ ತಿರುಗುತ್ತಿದ್ದರೆ ಅದರ ಅರೆಗಳಲ್ಲಿ ಸೆಳೆತ ಕಾಣುತ್ತದೆ, ಸ್ಟ್ರೇನ್ ಗೇಜ್ ಅಂಟಿಸಿ ಅಳೆಯಬಹುದು. ಅದು ತಿರುಗುವುದು ತಾನಿರುವ ದೇಶಕಾಲಕ್ಕೆ ಹೋಲಿಸಿ. ಆ ದೇಶಕಾಲ ನ್ಯೂಟನ್ನನದರ ಹಾಗೆ ಯಾರ ಗೊಡವೆಗೂ ಬಾರದ ಕಲ್ಲಲ್ಲ, ಚಕ್ರವೇ ಅದನ್ನು ಒಂದಿಷ್ಟು ತಿದ್ದುತ್ತದೆ. ಆದರೆ ದ್ರವ್ಯ ತಿದ್ದಬಲ್ಲದೇ ಹೊರತು ಅದನ್ನು ಪೂರಾ ಹುಟ್ಟಿಸಲಾರದು, ಎನ್ನುವುದು ನನ್ನ ನಿಲುವು. ಇದಕ್ಕೆ ಒಪ್ಪದ ಭೌತವಿಜ್ಞಾನಿಗಳ ವಾದವೂ ಹಗುರದ್ದಲ್ಲ: ಖಾಲಿ ಜಗತ್ತಿನ ಲೆಕ್ಕದಲ್ಲಿ ಬಹಳ ದೂರ ಹೋದರೆ ದೇಶಕಾಲ ಸಪಾಟಾಗಿದೆ ಎಂದು ನಾವೇ ಕೈಯಾರೆ ಬರೆದುಕೊಳ್ಳುತ್ತೇವೆ, ಸಮೀಕರಣ ಅದನ್ನು ಹೇಳುವುದಿಲ್ಲ. ವಿಶ್ವ ಅಂಚೇ ಇಲ್ಲದಂತೆ ತನ್ನೊಳಗೆ ತಾನೇ ಮುಚ್ಚಿಕೊಂಡಿದ್ದರೆ ಹಾಗೆ ಬರೆದುಕೊಳ್ಳಲು ಜಾಗವೇ ಇರುವುದಿಲ್ಲ. ಆಗ ಮಾಖ್ ಗೆದ್ದಾನು. ಈವರೆಗಿನ ಅಳತೆಗಳಲ್ಲಿ ವಿಶ್ವ ಸಪಾಟಾಗಿಯೇ ಕಾಣುತ್ತಿದೆ, ತೀರಾ ಸಣ್ಣ ಬಾಗು ಇದ್ದರೆ ಅದು ಈ ಅಳತೆಗಳಿಗೆ ಸಿಕ್ಕಿಲ್ಲ.